‘ಅವರೂ ಏನೋ ಮಾಡಿರಬೇಕಲ್ವಾ ಸರ್?’

ಎರಡನೇ ಮಹಾಯುದ್ಧದ ಪಾಠ ಮುಗಿದ ದಿನ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಇಷ್ಟೊಂದು ದೇಶದವರು ಇಷ್ಟು ಶತಮಾನ ಯೆಹೂದಿಗಳನ್ನು ದ್ವೇಷಿಸಿದ್ದಾರೆ ಅಂದ್ರೆ, ಅವರೂ ಏನೋ ಮಾಡಿರಬೇಕಲ್ವಾ ಸರ್?" ಮದುವೆ ಊಟದ ಪಂಕ್ತಿಯಲ್ಲೂ ನನಗೆ ಈ ಪ್ರಶ್ನೆ ಬಂದಿದೆ. ಕೆಟ್ಟ ಮನಸ್ಸಿನಿಂದ ಕೇಳುವವರು ಕಡಿಮೆ. ಬೆಂಕಿ ಇಲ್ಲದೆ ಹೊಗೆ ಆಡಲ್ಲ ಅನ್ನುವ ಲೆಕ್ಕ, ಅಷ್ಟೇ.

ನಾನು ಸ್ಟ್ರಾಸ್‌ಬರ್ಗ್ ಕಥೆ ಹೇಳುತ್ತೇನೆ. ಈಗ ಫ್ರಾನ್ಸಿನಲ್ಲಿರುವ ಊರು ಅದು.

1348ರಲ್ಲಿ ಯುರೋಪಿನಲ್ಲಿ ಪ್ಲೇಗ್ ಊರಿಂದೂರಿಗೆ ಹಬ್ಬುತ್ತಿತ್ತು. ಅದಕ್ಕಿಂತ ಜೋರಾಗಿ ಹಬ್ಬಿದ್ದು, ಯೆಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಅನ್ನುವ ಸುದ್ದಿ. ಚಿತ್ರಹಿಂಸೆ ಕೊಟ್ಟು ಕೆಲವರ ಬಾಯಿಂದ ‘ಹೌದು’ ಅನ್ನಿಸಿದ್ದೂ ಆಯಿತು. ಅಯ್ಯಾ, ಅವರೂ ಪ್ಲೇಗಿಗೆ ಸಾಯ್ತಿದ್ದಾರಲ್ಲ ಅಂತ ಪೋಪ್ ಆರನೇ ಕ್ಲೆಮೆಂಟ್ ಅದೇ ವರ್ಷ ಆಜ್ಞೆ ಹೊರಡಿಸಿದ. ಯಾರು ಕೇಳ್ತಾರೆ? ಸ್ಟ್ರಾಸ್‌ಬರ್ಗಿನಲ್ಲಿ ನಗರಸಭೆಯವರು ಯೆಹೂದಿಗಳನ್ನು ಉಳಿಸಲು ನೋಡಿದರು, ಕಸುಬುದಾರರ ಸಂಘಗಳು ಸೇರಿ ಅವರನ್ನೇ ಕುರ್ಚಿಯಿಂದ ಇಳಿಸಿದವು. 1349ರ ಫೆಬ್ರವರಿ 14ರಂದು ಯೆಹೂದಿಗಳನ್ನು ಅವರದೇ ಸ್ಮಶಾನಕ್ಕೆ ಒಯ್ದು, ಮರದ ಅಟ್ಟಣೆ ಕಟ್ಟಿ, ಅದರ ಮೇಲೆ ಸುಟ್ಟರು. ಮತ ಬದಲಿಸಲು ಒಪ್ಪಿದವರು ಬದುಕಿಕೊಂಡರು. ಯೆಹೂದಿಗಳ ಹತ್ತಿರ ಇದ್ದ ಸಾಲಪತ್ರ, ಅಡವಿನ ಸಾಮಾನು ಎಲ್ಲ ಸಾಲಗಾರರ ಕೈಗೆ ವಾಪಸ್ ಬಂತು. ನಗದನ್ನು ಕಸುಬುದಾರರಿಗೆ ಹಂಚಿದರು. ‘ವಿಷ’ದ ಸುದ್ದಿಯಿಂದ ಯಾರಿಗೆ ಲಾಭ ಅಂತ ಬಿಡಿಸಿ ಹೇಳಬೇಕಾ?

ಮುಂದೆ ಆ ಊರಲ್ಲಿ ಯೆಹೂದಿಗಳು ಹಗಲು ವ್ಯಾಪಾರಕ್ಕೆ ಬರಬಹುದಿತ್ತು, ಉಳಿಯುವಂತಿರಲಿಲ್ಲ. ಊರು ಬಿಟ್ಟು ಹೊರಡಿ ಅಂತ ರಾತ್ರಿ ದೊಡ್ಡ ಚರ್ಚಿನ ಗೋಪುರದಿಂದ ಕೊಂಬು ಊದುತ್ತಿದ್ದರು. ಈ ಪದ್ಧತಿ ಫ್ರೆಂಚ್ ಕ್ರಾಂತಿಯವರೆಗೂ ನಡೆಯಿತು.

"ಆದ್ರೂ ಬಡ್ಡಿ ವ್ಯವಹಾರ?" ಅಂತ ಮುಂದಿನ ಪ್ರಶ್ನೆ. ಬಹಳ ಕಡೆ ಅವರು ಜಮೀನು ಕೊಳ್ಳುವಂತಿರಲಿಲ್ಲ, ಕಸುಬಿನ ಸಂಘ ಸೇರುವಂತಿರಲಿಲ್ಲ. ಕ್ರೈಸ್ತರು ಬಡ್ಡಿ ತಿನ್ನಬಾರದು ಅಂತ ಚರ್ಚ್ ಹೇಳಿತ್ತು, ಆದರೆ ರಾಜರಿಗೆ ಸಾಲ ಬೇಕೇ ಬೇಕಿತ್ತು. ಬೇರೆಲ್ಲ ಬಾಗಿಲು ಹಾಕಿ, ಒಂದನ್ನು ತೆರೆದಿಟ್ಟು, ಆ ಬಾಗಿಲಲ್ಲಿ ಯಾಕೆ ಬಂದೆ ಅಂತ ಹೊಡೆದ ಹಾಗೆ. ಇಂಗ್ಲೆಂಡಿನ ಒಂದನೇ ಎಡ್ವರ್ಡ್ ತೆರಿಗೆ ಹಾಕಿ ಹಾಕಿ ಹಿಂಡಿ, 1290ರಲ್ಲಿ ಅಷ್ಟೂ ಜನರನ್ನು ದೇಶದಿಂದಲೇ ಓಡಿಸಿದ.

ಇವತ್ತು ಬಾವಿ ಹೋಗಿ ಬೇರೆ ಕಥೆಗಳು ಬಂದಿವೆ. ಯೆಹೂದಿ ಹಿರಿಯರು ಗುಟ್ಟಾಗಿ ಸೇರಿ ಲೋಕ ಆಳುವ ಸಂಚು ಮಾಡಿದರು ಅನ್ನುವ ‘ದಾಖಲೆ’ 1903ರಲ್ಲಿ ರಷ್ಯಾದ ಪತ್ರಿಕೆಯಲ್ಲಿ ಬಂತು. ಅದು ಮೂರನೇ ನೆಪೋಲಿಯನ್ನನ ಮೇಲಿನ ಫ್ರೆಂಚ್ ವಿಡಂಬನೆಯಿಂದ ಕದ್ದದ್ದು ಅಂತ ಲಂಡನ್ನಿನ ಟೈಮ್ಸ್ 1921ರಲ್ಲೇ ಸಾಲು ಸಾಲು ಪಕ್ಕಕ್ಕಿಟ್ಟು ತೋರಿಸಿತು. ಈಗಲೂ ಅದರ ತುಣುಕುಗಳು ಮೊಬೈಲಿಗೆ ಬರುತ್ತವೆ. 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಸಿನಗಾಗ್‌ನಲ್ಲಿ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, 11 ಜನರನ್ನು ಕೊಂದವನು, ದೇಶಕ್ಕೆ ವಲಸಿಗರನ್ನು ತುಂಬಿಸುತ್ತಿರುವವರು ಯೆಹೂದಿಗಳೇ ಅಂತ ನಂಬಿದ್ದ.

ಇಸ್ರೇಲ್ ಸರ್ಕಾರವನ್ನು ಬೈಯಬೇಕಾ? ಬೈಯಿರಿ, ನಾನೂ ಬೈಯುತ್ತೇನೆ. ಗಾಜಾದ ಲೆಕ್ಕವನ್ನು ಪ್ಯಾರಿಸ್ಸಿನ ಯೆಹೂದಿ ಅಂಗಡಿಯವನ ಹತ್ತಿರ ಕೇಳಲು ಹೊರಟರೆ ಮಾತ್ರ ನನಗೆ ಆ ಸ್ಮಶಾನ ನೆನಪಾಗುತ್ತದೆ.

ಹೋದ ವರ್ಷ ಒಬ್ಬಳು ಹುಡುಗಿ ಕೈ ಎತ್ತಿದಳು. "ಸುಟ್ಟ ಮೇಲೆ ಪ್ಲೇಗ್ ನಿಂತಿತಾ ಸರ್?"

ಸುಟ್ಟಾಗ ಆ ಊರಿಗೆ ಪ್ಲೇಗ್ ಇನ್ನೂ ಬಂದೇ ಇರಲಿಲ್ಲಮ್ಮ, ಅಂದೆ. ಬೇಸಿಗೆಯಲ್ಲಿ ಬಂತು.