ಮೆಣಸಿನಕಾಯಿ ಖಾರ, ಮಂಡಿ ನೋವು

ಅಮ್ಮನ ಮಂಡಿಗೆ ಹಚ್ಚುವ ಮುಲಾಮಿನ ಟ್ಯೂಬ್ ಮೇಲೆ ಕ್ಯಾಪ್ಸೈಸಿನ್ ಅಂತ ಬರೆದಿತ್ತು. ಮೆಣಸಿನಕಾಯಿಗೆ ಖಾರ ಕೊಡುವುದು ಅದೇ. ಈ ಖಾರ ನರಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಹುಡುಕುತ್ತಾ ಹೋದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡಕ್ಕೆ 1997ರಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಸಿಕ್ಕಿತು. ಸುಡುವ ಬಿಸಿಯನ್ನು ನರಕ್ಕೆ ತಿಳಿಸುವುದೂ ಅದೇ. 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಬಂತು.

ಸರಿ, ಆ ಪ್ರೋಟೀನನ್ನು ತಡೆದರೆ ನೋವು ಹೋಗುತ್ತೆ ಅಲ್ವಾ? ಕಂಪನಿಗಳೂ ಹಾಗೇ ಅಂದುಕೊಂಡು ಔಷಧಿ ಮಾಡಿದವು. ಪ್ರಯೋಗಕ್ಕೆ ಬಂದ ಕೆಲವರಿಗೆ ಮೈ ಬಿಸಿ ಏರಿತು. ಇನ್ನು ಕೆಲವರಿಗೆ ಬಿಸಿ ಮುಟ್ಟಿದ್ದೇ ಸರಿಯಾಗಿ ಗೊತ್ತಾಗಲಿಲ್ಲ. ಸುಟ್ಟುಕೊಂಡರೆ ಕಥೆ ಮುಗೀತು!

2025ರ ಜನವರಿಯಲ್ಲಿ ಅಮೆರಿಕದಲ್ಲಿ ಸುಜೆಟ್ರಿಜಿನ್ ಎಂಬ ಹೊಸ ಬಗೆಯ ನೋವಿನ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಚಟ ಹಿಡಿಸುವ ಅಫೀಮಿನ ಗುಂಪಿನದ್ದಲ್ಲ, ಅದು ಸಂತೋಷ. ಆದರೆ ಆಪರೇಷನ್ ಆದ ಮೇಲೆ ಬರುವಂಥ ನೋವಿಗೆ ಮಾತ್ರ. ವರ್ಷಗಟ್ಟಲೆ ಕಾಡುವ ನೋವಿಗೆ ಇನ್ನೂ ಇಲ್ಲ.

ಇಂಥ ಕೆಲಸಕ್ಕೆ ದುಡ್ಡೂ ಬೇಕು, ತಾಳ್ಮೆಯೂ ಬೇಕು. ಕ್ಯಾನ್ಸರ್ ಸಂಶೋಧನೆಗೆ ಮ್ಯಾರಥಾನ್ ಓಡಿ ಹಣ ಕೂಡಿಸುತ್ತಾರೆ. ಮಂಡಿ ನೋವಿನವರು ಓಡೋದು ಹೇಗೆ ಹೇಳಿ? ಅವರ ಪರವಾಗಿ ನೋವಿಲ್ಲದವರೇ ಹಣ ಕೇಳಬೇಕು.