ಅಪ್‌ಡೇಟ್‌ಗೆ ಕಾಯುತ್ತಾ

ವಿಡಿಯೊ ಎಡಿಟ್ ಮಾಡುವ ಸಾಫ್ಟ್‌ವೇರ್ ಕೆಡೆನ್‌ಲೈವ್‌ನ ಮುಂದಿನ ಆವೃತ್ತಿಗೆ ದಿನ ಎಣಿಸುತ್ತಿದ್ದೇನೆ. ಸಾಮಾನ್ಯವಾಗಿ ಏಪ್ರಿಲ್, ಆಗಸ್ಟ್, ಡಿಸೆಂಬರ್, ಹೀಗೆ ವರ್ಷಕ್ಕೆ ಮೂರು ಸಲ ದೊಡ್ಡ ಅಪ್‌ಡೇಟ್ ಬರುತ್ತದೆ. ದುಡ್ಡು ಕೇಳದ ಸಾಫ್ಟ್‌ವೇರ್ ಇಷ್ಟು ಶ್ರದ್ಧೆಯಿಂದ ಬೆಳೆಯುವುದನ್ನು ನೋಡುವುದೇ ಖುಷಿ.

2021ರ ಏಪ್ರಿಲ್ ಆವೃತ್ತಿಯಲ್ಲಿ ಮಾತು ಕೇಳಿ ಅಕ್ಷರ ಮಾಡುವ ಸೌಲಭ್ಯ ಬಂತು. ಅದಕ್ಕೂ ಮೊದಲು ಸಬ್‌ಟೈಟಲ್ ಅಂದರೆ ಒಂದು ಸಾಲು ಕೇಳು, ನಿಲ್ಲಿಸು, ಟೈಪ್ ಮಾಡು, ಮತ್ತೆ ಹಿಂದಕ್ಕೆ ಹೋಗು. ಹತ್ತು ನಿಮಿಷದ ವಿಡಿಯೊಗೆ ಇಡೀ ಸಂಜೆ ಮುಗಿದು ಹೋಗುತ್ತಿತ್ತು. 2023ರಲ್ಲಿ ಒಂದು ಟೈಮ್‌ಲೈನ್ (ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಒಳಗೆ ಇನ್ನೊಂದನ್ನು ಇಡುವ ದಾರಿಯೂ ಸಿಕ್ಕಿತು.

ಈ ಸಲ ನನಗೆ ಥಳುಕಿನ ಎಫೆಕ್ಟ್ ಏನೂ ಬೇಡ. ಪ್ಲೇಬ್ಯಾಕ್ ಇನ್ನಷ್ಟು ಸಲೀಸಾಗಿ ಓಡಿದರೆ ಸಾಕು. 4ಕೆ ವಿಡಿಯೊದ ಒಂದೊಂದು ಫ್ರೇಮಿನಲ್ಲೂ 80 ಲಕ್ಷಕ್ಕಿಂತ ಜಾಸ್ತಿ ಪಿಕ್ಸೆಲ್ ಇರುತ್ತವೆ. ಸೆಕೆಂಡಿಗೆ ಅಂಥ 30 ಫ್ರೇಮ್ ಬಿಚ್ಚಿ ತೋರಿಸುವುದು ಕಂಪ್ಯೂಟರಿಗೆ ಸಣ್ಣ ಕೆಲಸವಲ್ಲ. ಅದಕ್ಕೇ ಪ್ರಾಕ್ಸಿ ಅನ್ನುವ ಹಗುರ ಪ್ರತಿ ಮಾಡಿಕೊಂಡು ಕತ್ತರಿಸುತ್ತೇವೆ. ಕೊನೆಗೆ ರೆಂಡರ್ ಆಗುವುದು, ಅಂದರೆ ಪೂರ್ತಿ ವಿಡಿಯೊ ತಯಾರಾಗುವುದು, ಮೂಲ ಫೈಲಿನಿಂದಲೇ.

ಸುಮ್ನೆ ವೇಗದ ಆಸೆ ಅಲ್ಲ ಇದು. ಮಾತಾಡುವವರು ಉಸಿರು ತೆಗೆದುಕೊಳ್ಳುವ ಆ ಸಣ್ಣ ಬಿಡುವು ಇದೆಯಲ್ಲ, ಅಲ್ಲಿ ಕತ್ತರಿಸಬೇಕೋ ಇನ್ನೂ ಅರ್ಧ ಸೆಕೆಂಡ್ ಬಿಡಬೇಕೋ ಅನ್ನುವುದು ನೋಡುತ್ತಾ ನೋಡುತ್ತಾ ಗೊತ್ತಾಗಬೇಕು. ಚಿತ್ರ ತಡವರಿಸಿದರೆ ಆ ಲಯ ಕೈಗೆ ಸಿಗುವುದಿಲ್ಲ. ನಿಮಗೂ ಹಾಗೇ ಅನಿಸುತ್ತದೆ ಅಲ್ವಾ?