ಅಜ್ಜಿಯ ಅಡುಗೆಮನೆಗೆ ಎಷ್ಟು ಬೆಳಕು ಬೇಕು?

ಜನವರಿ 18, 2025, ಶನಿವಾರ
ಬೆಂಗಳೂರು

ನಾವು ಮಾಡಹೊರಟ ಸಿನಿಮಾದ ಕ್ಯಾಮೆರಾ ಜಗಳ ಇವತ್ತಿಗೆ ಮುಗಿಯಿತು. ಮೂರು ವಾರದಿಂದ ನಮ್ಮ ನಾಲ್ಕು ಜನರ ನಡುವೆ ಅದೇ ಮಾತು. ಸೋನಿ ಎಫ್ಎಕ್ಸ್3 ಸಿನಿಮಾ ಕ್ಯಾಮೆರಾ ಬಾಡಿಗೆಗೆ ತರಲೇಬೇಕು ಅಂತ ಗೆಳೆಯನ ಹಟ. ನನಗೆ ಆಸೆ ಇರಲಿಲ್ಲ ಅಂತಲ್ಲ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 12800ಕ್ಕೆ ಏರಿಸಿದರೂ ಕತ್ತಲನ್ನು ಚೆನ್ನಾಗಿ ಹಿಡಿಯುವ ಕ್ಯಾಮೆರಾ ಯಾರಿಗೆ ಬೇಡ? ಆದರೆ ನಮ್ಮ ಹತ್ತಿರ ಇರುವುದು ಒಟ್ಟು ಎಂಟು ಸಾವಿರ. ಅದನ್ನು ತಂದರೆ ಲೈಟಿಗೆ ಏನೂ ಉಳಿಯುವುದಿಲ್ಲ. ಕತೆಯೋ, ಬೆಳಗಿನ ಜಾವ ಅಡುಗೆಮನೆಯಲ್ಲಿ ಒಬ್ಬಳೇ ಕೂತ ಮುದುಕಿಯದು. ಮುಖದ ಒಂದು ಕಡೆ ಕಿಟಕಿಯ ಬೆಳಕು, ಇನ್ನೊಂದು ಕಡೆ ಕತ್ತಲು. ಅದೇ ಬರದಿದ್ದರೆ ಎಂಥ ಕ್ಯಾಮೆರಾ ತಂದು ಏನು ಪ್ರಯೋಜನ?

ಟೆಸ್ಟ್ ಮಾಡಿಯೇ ನೋಡೋಣ ಅಂತ ನನ್ನ ಹಳೇ ಮಿರರ್‌ಲೆಸ್, 50 ಎಂಎಂ ಲೆನ್ಸ್ ಹಿಡಿದು ಚಾಮರಾಜಪೇಟೆಯ ಅಜ್ಜಿ ಮನೆಗೆ ಹೋದೆವು.

ಮೊದಲ ಶಾಟ್‌ನಲ್ಲೇ ಗೋಡೆ ಮೇಲೆ ಅಡ್ಡಪಟ್ಟಿಗಳು ತೇಲಿದವು, ಮಗ್ಗದ ಸೀರೆ ಹಾಗೆ. ಸೆನ್ಸರ್ ಹೋಯಿತು ಅಂತ ಎದೆ ಧಸಕ್ಕೆಂದಿತು. ನೋಡಿದರೆ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/60ರಲ್ಲಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/50ಕ್ಕೆ ಇಳಿಸಿದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು, ಪಟ್ಟಿ ಮಾಯ. ಆದರೂ ಆ ಬೆಳಕಲ್ಲಿ ಅಜ್ಜಿ ಮುಖ ಹಸಿರು ಹಸಿರು. ಟ್ಯೂಬ್ ಆಫ್ ಮಾಡಿದೆವು.

ಆಮೇಲೆ ಯಾರೋ ಕೊಟ್ಟ 1000 ವಾಟ್ ಹ್ಯಾಲೊಜೆನ್ನನ್ನು ಕಿಟಕಿ ಹೊರಗೆ ಹಚ್ಚಿದೆವು. ಅದೊಂದೇ 4 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಅದೇ ಲೈನಿನಲ್ಲಿ ಫ್ರಿಜ್ಜು. ಒಳಗೆ ಅಜ್ಜಿ ಮಿಕ್ಸಿ ತಿರುಗಿಸಿದರು. ಫ್ಯೂಸ್ ಢಮಾರ್. ಅರ್ಧ ರುಬ್ಬಿದ ಚಟ್ನಿ ತೋರಿಸಿ, "ಇದನ್ನೂ ಸಿನಿಮಾಕ್ಕೆ ಹಾಕ್ಕೊಳ್ಳಿ" ಅಂದರು.

ಕತ್ತಲಲ್ಲಿ ಕೂತಿದ್ದಾಗ ಗುರುದತ್ ಸಿನಿಮಾಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ ನೆನಪಾದರು. ಮೈಸೂರಿನವರು, ಇಲ್ಲೇ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತವರು. ‘ಕಾಗಜ್ ಕೆ ಫೂಲ್’ನ ಆ ಬಿಸಿಲ ಕೋಲನ್ನು ಕನ್ನಡಿಗಳಿಂದಲೇ ಒಳಗೆ ತಂದರಲ್ವಾ? ಬಚ್ಚಲ ಕನ್ನಡಿ ಬಿಚ್ಚಿ ಹಿತ್ತಲ ಬಿಸಿಲಿಗೆ ಹಿಡಿದೆವು. ಮೂರು ಟೇಕ್ ಆಗುವಷ್ಟರಲ್ಲಿ ಬಿಸಿಲೇ ಸರಿದುಹೋಗಿತ್ತು.

ಕೆಲಸಕ್ಕೆ ಬಂದದ್ದು ಅಟ್ಟದ ಮೇಲೆ ಸುಮ್ನೆ ಬಿದ್ದಿದ್ದ ಥರ್ಮೊಕೋಲ್, ಗಣೇಶನ ಮಂಟಪದ್ದು. ಕಿಟಕಿ ಬೆಳಕು ಅದಕ್ಕೆ ಬಡಿದು ಮುಖದ ಕತ್ತಲ ಕಡೆಗೆ ವಾಪಸ್ ಬೀಳುತ್ತದೆ. ಮುಖದಿಂದ ಎರಡಡಿ ದೂರ ಇಟ್ಟರೆ ಕೆನ್ನೆಯ ಸುಕ್ಕು ಒಂದೊಂದೂ ಕಾಣುತ್ತದೆ. ನಾಲ್ಕಡಿಗೆ ಸರಿಸಿದರೆ ಆ ಕಡೆ ಕಣ್ಣು ಮುಳುಗುತ್ತದೆ. ನನಗೆ ನಾಲ್ಕಡಿಯೇ ಇಷ್ಟವಾಯಿತು.

ಹಾಗಾಗಿ ಕ್ಯಾಮೆರಾ ನನ್ನದೇ. ಬಾಡಿಗೆಗೆ 200 ವಾಟ್‌ನ ಒಂದು ಎಲ್‌ಇಡಿ, ಬೆಳಕನ್ನು ಮೃದು ಮಾಡುವ ಸಾಫ್ಟ್‌ಬಾಕ್ಸ್, ಲೈಟು-ಥರ್ಮೊಕೋಲ್ ಹಿಡಿಯಲು ಎರಡು ಸಿ-ಸ್ಟ್ಯಾಂಡ್. ಆ ಎಲ್‌ಇಡಿ 1 ಆಂಪಿಯರ್ ಕೂಡ ಎಳೆಯಲ್ಲ. ಪೂರ್ತಿ ಡಿಮ್ ಮಾಡಿದಾಗ ಮಿನುಗುತ್ತದಾ ಅಂತ ಅಂಗಡಿಯಲ್ಲೇ ಕ್ಯಾಮೆರಾ ಇಟ್ಟು ನೋಡಬೇಕು. ಗೆಳೆಯನ ಮುಖ ಇನ್ನೂ ಊದಿಕೊಂಡಿದೆ.

ಮುಂದಿನ ಭಾನುವಾರ ಶೂಟಿಂಗ್. ಅಜ್ಜಿ ಅವತ್ತು ಮಿಕ್ಸಿ ಹಾಕಲ್ಲವಂತೆ, ಒರಳಲ್ಲೇ ರುಬ್ಬುತ್ತಾರಂತೆ. ಸೌಂಡ್ ನೋಡಿಕೊಳ್ಳುವವಳು ಈಗಿನಿಂದಲೇ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ.